ಹುಟ್ಟಿದ ದಿನಾಂಕಕ್ಕೆ ಮೂರು ಬಾಕ್ಸ್

ಅಮ್ಮನ ಹೆಸರಲ್ಲಿ ಒಂದು ಆನ್‌ಲೈನ್ ಅರ್ಜಿ ತುಂಬುತ್ತಿದ್ದೆ. ಹುಟ್ಟಿದ ದಿನಾಂಕದ ಬಾಕ್ಸ್ ಮುಟ್ಟಿದರೆ ಕ್ಯಾಲೆಂಡರ್ ಬಿಚ್ಚಿಕೊಂಡಿತು. ಅದರಲ್ಲಿದ್ದದ್ದು ಈ ತಿಂಗಳು. ಎಡಗಡೆಯ ಬಾಣ ಒತ್ತಿದರೆ ಒಂದು ತಿಂಗಳು ಹಿಂದಕ್ಕೆ ಹೋಗುತ್ತದೆ. ಅಮ್ಮನಿಗೆ ಎಪ್ಪತ್ತು, ಅಂದರೆ 840 ಸಲ ಒತ್ತಬೇಕು! ಟೈಪ್ ಮಾಡೋಣವೆಂದರೆ ಬಾಕ್ಸ್ ಒಪ್ಪುವುದಿಲ್ಲ. ವರ್ಷದ ಮೇಲೆ ಒತ್ತಿದರೆ ಪಟ್ಟಿ ತೆರೆಯುತ್ತದೆಂದು ಕೊನೆಗೆ ತಂಗಿಯ ಮಗ ತೋರಿಸಿಕೊಟ್ಟ.

ಈ ಫಾರ್ಮ್ ಮಾಡಿದವರು ದಡ್ಡರೇನಲ್ಲ. ಕೈಗೆ ಸಿಕ್ಕ ಕ್ಯಾಲೆಂಡರ್ ತಂದು ಅಂಟಿಸಿರುತ್ತಾರೆ, ಅಷ್ಟೆ. ಇಂಥ ಸಣ್ಣ ಸಂಗತಿಗಳನ್ನು ಪ್ರತಿ ಇಲಾಖೆಯೂ ಮೊದಲಿನಿಂದ ಯೋಚಿಸುವ ಬದಲು, ಒಮ್ಮೆ ಚೆನ್ನಾಗಿ ಯೋಚಿಸಿ ಎಲ್ಲರಿಗೂ ಸಿಗುವಂತೆ ಇಟ್ಟರೆ ಅದೇ ಡಿಸೈನ್ ಸಿಸ್ಟಮ್. ಬಟನ್, ಬಾಕ್ಸ್, ತಪ್ಪಾದಾಗ ತೋರಿಸುವ ಸೂಚನೆ ಎಲ್ಲವೂ ಕೋಡ್ ಸಮೇತ, ಎಲ್ಲಿ ಬಳಸಬೇಕು ಎಲ್ಲಿ ಬಳಸಬಾರದು ಎಂಬ ವಿವರಣೆ ಸಮೇತ ಇರುವ ಉಗ್ರಾಣ ಅದು.

ಬ್ರಿಟನ್ ಸರ್ಕಾರದ ಉಗ್ರಾಣ ನನಗೆ ಅಚ್ಚುಮೆಚ್ಚು. ಡೈರೆಕ್ಟ್‌ಗವ್, ಬಿಸಿನೆಸ್ ಲಿಂಕ್ ಎಂಬ ಹಳೆಯ ತಾಣಗಳ ಜಾಗಕ್ಕೆ 2012ರ ಅಕ್ಟೋಬರ್‌ನಲ್ಲಿ ಗವ್.ಯುಕೆ ಎಂಬ ಒಂದೇ ತಾಣ ಬಂತು. 2014ರ ಕೊನೆಯ ಹೊತ್ತಿಗೆ 300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ತಾಣಗಳು ಅದರೊಳಗೆ ಸೇರಿದ್ದವು. ಚದುರಿದ್ದ ಬಿಡಿಭಾಗಗಳು ‘ಗವ್.ಯುಕೆ ಡಿಸೈನ್ ಸಿಸ್ಟಮ್’ ಎಂದು ಒಂದೇ ಕಡೆ ಕೂಡಿದ್ದು 2018ರಲ್ಲಿ.

ಹುಟ್ಟಿದ ದಿನಾಂಕಕ್ಕೆ ಅಲ್ಲಿ ಕ್ಯಾಲೆಂಡರ್ ಇಲ್ಲ. ದಿನ, ತಿಂಗಳು, ವರ್ಷಕ್ಕೆ ಒಂದೊಂದರಂತೆ ಮೂರು ಬರಿಯ ಬಾಕ್ಸ್. ಬಾಯಿಗೆ ಬರುವ ತಾರೀಖನ್ನು ಹುಡುಕುವುದೇಕೆ, ಬರೆದರಾಯಿತು. ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಮೊದಲು ಆ ಬಾಕ್ಸ್‌ಗಳನ್ನು ‘ಸಂಖ್ಯೆ ಮಾತ್ರ’ ಎಂಬ ಬಗೆಯಲ್ಲಿ ಮಾಡಿದ್ದರು, ಮೊಬೈಲಿನಲ್ಲಿ ಅಂಕಿಗಳ ಕೀಲಿಮಣೆ ಬರಲೆಂದು. ಆದರೆ ಬ್ರೌಸರ್‌ನ ಲೆಕ್ಕದಲ್ಲಿ ಸಂಖ್ಯೆ ಎಂದರೆ ಏರಿಸಬಹುದಾದ, ಇಳಿಸಬಹುದಾದ ವಸ್ತು. 1951 ಎಂದು ಬರೆದು, ಪುಟ ಸರಿಸಲು ಮೌಸ್‌ನ ಚಕ್ರ ತಿರುಗಿಸಿದರೆ ಅದು ಸದ್ದಿಲ್ಲದೆ 1950 ಆಗಿಬಿಡಬಹುದು. ಅಂಕಿಯ ಬದಲು ಅಕ್ಷರ ಒತ್ತಿದರೆ ಕೆಲವು ಬ್ರೌಸರ್‌ಗಳು ಅದನ್ನು ನುಂಗಿಬಿಡುತ್ತವೆ, ಒತ್ತಿದವರಿಗೆ ಏನಾಯಿತೆಂದೇ ತಿಳಿಯದು. ಬಾಯಲ್ಲಿ ಹೇಳಿ ಟೈಪ್ ಮಾಡಿಸುವ, ಪರದೆಯನ್ನು ಓದಿ ಹೇಳುವ ಕೆಲವು ತಂತ್ರಾಂಶಗಳಿಗೂ ಈ ಬಗೆ ಒಗ್ಗಲಿಲ್ಲ. 2020ರಲ್ಲಿ ಅದನ್ನು ಸಾದಾ ಪಠ್ಯದ ಬಾಕ್ಸ್ ಮಾಡಿ, ‘ಅಂಕಿಗಳ ಕೀಲಿಮಣೆ ತೋರಿಸು’ ಎಂಬ ಸೂಚನೆಯನ್ನಷ್ಟೇ ಉಳಿಸಿದರು. ನೋಟದಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ! ಡಿಸೈನ್ ಎಂದರೆ ಬಣ್ಣ ಬಳಿಯುವುದು ಎಂದುಕೊಂಡವರಿಗೆ ನಾನು ಹೇಳುವುದು ಈ ಬಾಕ್ಸಿನ ಕಥೆಯನ್ನೇ. ಒಂದು ಕಡೆ ತಿದ್ದಿದ್ದು ಹೊಸ ಆವೃತ್ತಿ ಹಾಕಿಕೊಂಡ ಎಲ್ಲ ಸೇವೆಗಳಿಗೂ ತಲುಪುತ್ತದೆ. ಹಾಕಿಕೊಳ್ಳದ ಸೇವೆ ಹಳೆಯ ಬಾಕ್ಸಿನಲ್ಲೇ ಉಳಿಯುತ್ತದೆ, ಅದು ಬೇರೆ ಮಾತು.

ಹಳೆಯದನ್ನು ಒಂದೇ ರಾತ್ರಿಯಲ್ಲಿ ಕೆಡವಲಾಗುವುದಿಲ್ಲವಲ್ಲ. ತಾಳೆಮರವನ್ನು ತಬ್ಬಿ ಬೆಳೆಯುವ ಆಲದಂತೆ ಹೊಸದು ಹಳೆಯದರ ಮೈಮೇಲೆಯೇ ಏರಬೇಕು. ಅದಕ್ಕೆಂದೇ ಹೊಸ ಭಾಗಗಳ ಕೋಡಿನ ಹೆಸರುಗಳಿಗೆಲ್ಲ ‘ಗವ್‌ಯುಕೆ’ ಎಂಬ ಮುಂಪದ ಜೋಡಿಸಿದರು. ಒಂದೇ ಪುಟದಲ್ಲಿ ಹಳೆಯ ಬಟನ್ ಹೊಸ ಬಟನ್ ಎರಡೂ ಇದ್ದರೂ ಒಂದರ ನಿಯಮ ಇನ್ನೊಂದಕ್ಕೆ ತಗಲುವುದಿಲ್ಲ.

ಮುಖ ಬದಲಾದರೆ ಕೆಲಸ ಹಗುರಾಗುವುದೂ ಇಲ್ಲ. ಕಾಯಿಲೆಯವರನ್ನೋ ಅಂಗವಿಕಲರನ್ನೋ ನೋಡಿಕೊಳ್ಳುವವರಿಗೆ ಅಲ್ಲಿ ಕೇರರ್ಸ್ ಅಲವೆನ್ಸ್ ಎಂಬ ಭತ್ಯೆಯಿದೆ. ಡಿಸೈನ್ ಸಿಸ್ಟಮ್ ಬರುವ ಮೊದಲೇ, ಆ ಭತ್ಯೆಯ ಅರ್ಜಿಯನ್ನು ಹೊಸದಾಗಿ ಕಟ್ಟುವಾಗ 170 ಪ್ರಶ್ನೆಗಳನ್ನು ಕಿತ್ತುಹಾಕಿದರು, ಹೆಚ್ಚುಕಡಿಮೆ ಅರ್ಧ ಅರ್ಜಿ. ಆ 170 ಪ್ರಶ್ನೆಗಳಿಗೆ ಚೆಂದದ ಬಾಕ್ಸ್ ಮಾಡಿಕೊಟ್ಟಿದ್ದರೆ ಯಾರಿಗೇನು ಲಾಭವಿತ್ತು?

ಆ ಉಗ್ರಾಣದಲ್ಲಿ ಹೆಸರಿನ ಬಾಕ್ಸಿಗೂ ಒಂದು ಪುಟವಿದೆ. ಎಲ್ಲರ ಹೆಸರೂ ಮೊದಲ ಹೆಸರು, ಕೊನೆಯ ಹೆಸರು ಎಂದು ಒಡೆಯುವುದಿಲ್ಲ, ಸಾಧ್ಯವಿದ್ದಲ್ಲಿ ಪೂರ್ತಿ ಹೆಸರಿಗೆ ಒಂದೇ ಬಾಕ್ಸ್ ಇಡಿ ಎನ್ನುತ್ತದೆ. ಊರು, ಅಪ್ಪನ ಹೆಸರುಗಳನ್ನು ಇನಿಷಿಯಲ್ ಮಾಡಿಕೊಂಡು ಮುಂದಿಟ್ಟುಕೊಳ್ಳುವ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಅಮ್ಮನ ಅರ್ಜಿಯಂತೂ ‘ಲಾಸ್ಟ್ ನೇಮ್’ ಇಲ್ಲದೆ ಮುಂದಕ್ಕೆ ಹೋಗಲೇ ಇಲ್ಲ. ಬೇರೆ ದಾರಿ ಕಾಣದೆ ಊರಿನ ಹೆಸರು ತುಂಬಿದೆ. ಈಗ ಅವರಿಗೆ ಬರುವ ಎಸ್ಸೆಮ್ಮೆಸ್ಸುಗಳೆಲ್ಲ ‘ಡಿಯರ್ ಹೊಳಲ್ಕೆರೆ’ ಎಂದೇ ಶುರುವಾಗುತ್ತವೆ.