ಹಾಲು ಸಾಲುತ್ತಿಲ್ಲ ಅನ್ನುವ ಮೊದಲು

‘ಹಾಲು ಸಾಲ್ತಾ ಇಲ್ಲ ಅನ್ಸುತ್ತೆ, ಅದಕ್ಕೇ ಮಗು ಅಳ್ತಿದೆ.’ ಬಾಣಂತಿಯ ಕೋಣೆಯಲ್ಲಿ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ. ಮಗುವಿನ ಮೇಲಿನ ಅಕ್ಕರೆಯಿಂದಲೇ ಆಡುತ್ತಾರೆ. ಆದರೆ ಅದು ತಾಯಿಯ ಮನಸ್ಸಿಗೆ ತಾಗಿದರೆ, ಹಾಲಿಗೂ ತಾಗುತ್ತದೆ.

ಹಾಲು ತಯಾರಾಗಲು ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಬೇಕು. ತಯಾರಾದ ಹಾಲು ಕೆಳಗಿಳಿಯಲು ಆಕ್ಸಿಟೋಸಿನ್ ಅನ್ನುವ ಇನ್ನೊಂದು ಹಾರ್ಮೋನು ಬೇಕು. ನೋವು, ಭಯ, ಗಾಬರಿ ಇದ್ದಾಗ ಆಕ್ಸಿಟೋಸಿನ್ ಹಿಂಜರಿಯುತ್ತದೆ. ಬೆದರಿದ ಹಸು ಹಾಲು ಇಳಿಸುವುದಿಲ್ಲ ಅಂತ ಹೈನುಗಾರರಿಗೆ ಗೊತ್ತು, ಅಲ್ವಾ? ಅಮೆರಿಕದ ನೈಲ್ಸ್ ನ್ಯೂಟನ್ ಮತ್ತು ಮೈಕಲ್ ನ್ಯೂಟನ್ ಎಂಬ ಸಂಶೋಧಕ ದಂಪತಿ 1948ರಲ್ಲಿ ಮನುಷ್ಯರಲ್ಲೂ ಇದನ್ನು ತೋರಿಸಿದರು. ಹಾಲೂಡಿಸುವ ತಾಯಿಯ ಕಾಲನ್ನು ಮಂಜುಗಡ್ಡೆಯ ನೀರಿನಲ್ಲಿ ಇರಿಸಿದರು, ಬಿಡದೆ ಲೆಕ್ಕ ಕೇಳಿದರು. ನೆಮ್ಮದಿಯಾಗಿದ್ದಾಗ ಸರಾಸರಿ 168 ಗ್ರಾಂ ಹಾಲು ಕುಡಿಯುತ್ತಿದ್ದ ಮಗುವಿಗೆ ಆಗ ಸಿಕ್ಕಿದ್ದು 99 ಗ್ರಾಂ. ಅದೇ ಕಿರಿಕಿರಿಯ ನಡುವೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟಾಗ 153 ಗ್ರಾಂ. ಅಂದರೆ ಹಾಲು ಒಳಗೇ ಇತ್ತು, ಇಳಿಯುತ್ತಿರಲಿಲ್ಲ ಅಷ್ಟೇ.

ಹೆದರಿದ ಮನೆಯವರು ಡಬ್ಬಿ ಹಾಲು ತರುತ್ತಾರೆ. ಹೊಟ್ಟೆ ತುಂಬಿದ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲು ತಯಾರಾಗುವುದೂ ಕಡಿಮೆ. ಸುಮ್ನೆ ಹುಟ್ಟಿದ ಅನುಮಾನ ಹೀಗೆ ನಿಜವಾಗಿಬಿಡುತ್ತದೆ. ಇದರಲ್ಲಿ ತಾಯಿಯ ತಪ್ಪು ಏನೇನೂ ಇಲ್ಲ.

ಅಳು ಹಸಿವಿನದ್ದೇ ಆಗಬೇಕಿಲ್ಲ. ಹಾಲು ಸಾಲುತ್ತಿದೆಯೇ ಅಂತ ತಿಳಿಯಲು ಒದ್ದೆ ಬಟ್ಟೆ ಎಣಿಸಿ. ಮೊದಲ ವಾರ ಮುಗಿಯುವ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಬೇಕು. ಹುಟ್ಟಿದ ಮೇಲೆ ಇಳಿದ ತೂಕ ಸುಮಾರು ಎರಡು ವಾರದಲ್ಲಿ ಮರಳಬೇಕು. ಇವು ಆಗದಿದ್ದರೆ, ಅಥವಾ ಮಗು ಮಂಕಾಗಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೆಲವು ತಾಯಂದಿರಿಗೆ ಹಾಲು ನಿಜಕ್ಕೂ ಕಡಿಮೆ ಇರುತ್ತದೆ. ಅವರ ಮಗುವಿಗೆ ಬೇರೆ ಹಾಲು ಬೇಕೇ ಬೇಕು.

ಕೆನಡಾದ ನರ್ಸಿಂಗ್ ಸಂಶೋಧಕಿ ಸಿಂಡಿ-ಲೀ ಡೆನ್ನಿಸ್ ಎದೆಹಾಲು ಕೊಡುವ ಬಗ್ಗೆ ತಾಯಿಗಿರುವ ಆತ್ಮವಿಶ್ವಾಸ ಅಳೆಯಲು 14 ಅಂಶಗಳ ಪ್ರಶ್ನಾವಳಿ ರೂಪಿಸಿದ್ದಾರೆ. ಇದರಲ್ಲಿ ಹೆಚ್ಚು ಅಂಕ ಬಂದವರು ಜಾಸ್ತಿ ದಿನ ಎದೆಹಾಲು ಕೊಡುತ್ತಾರೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಈ ವಿಶ್ವಾಸ ಬರೀ ‘ಧೈರ್ಯವಾಗಿರಮ್ಮ’ ಅನ್ನುವುದರಿಂದ ಬರುವುದಿಲ್ಲ. ಪಕ್ಕದಲ್ಲಿ ಕೂತು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯೊಳಗೆ ಹೋಗುವಂತೆ ಹಿಡಿಯಲು ಕಲಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಮನೆಗೆ ಬರಬೇಕು ಅನ್ನುವ ನಿಯಮ ನಮ್ಮಲ್ಲಿದೆ. ಮೊದಲ ಭೇಟಿ ಮೂರನೇ ದಿನ. ಮಗು ಹಾಲು ಕುಡಿಯುವುದನ್ನು ಅವತ್ತೇ ಪೂರ್ತಿ ನೋಡಿ ಹೋಗುವಂತೆ ಅವರನ್ನು ಕೇಳಿಕೊಳ್ಳಿ.