ಪೀ ಪಫರ್ ಇರುವ ಪುಟ್ಟ ಗಿಡದ ತೊಟ್ಟಿಯಲ್ಲಿ ಪಾಚಿ ನಿಯಂತ್ರಣ

ಗಿಡ ನೆಟ್ಟ ಅಕ್ವೇರಿಯಂನಲ್ಲಿ ಪಾಚಿ ಬಂತು ಎಂದರೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ನಾಲ್ಕು ಬಸವನಹುಳು, ಹತ್ತು ಚೆರ್ರಿ ಸಿಗಡಿ ತಂದು ಬಿಡಿ, ತಿಂದು ಮುಗಿಸುತ್ತವೆ. ತೊಟ್ಟಿಯಲ್ಲಿ ಪೀ ಪಫರ್ ಎಂಬ ಪುಟ್ಟ ಮೀನು ಇದ್ದರೆ ಮುಗಿಯುವುದು ಬಸವನಹುಳು ಮತ್ತು ಸಿಗಡಿ ಮಾತ್ರ. ಪಾಚಿ ಇದ್ದಲ್ಲೇ ಇರುತ್ತದೆ.

ಈ ಮೀನು ನಮ್ಮ ಪಶ್ಚಿಮ ಘಟ್ಟದ್ದೇ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಸಿಹಿನೀರಿನಲ್ಲಿ ವಾಸ. 1941ರಲ್ಲಿ ಹೋರಾ ಮತ್ತು ನಾಯರ್ ಇದನ್ನು ಮೊದಲು ವರ್ಣಿಸಿದರು. ಉದ್ದ ಸುಮಾರು 3 ಸೆಂಟಿಮೀಟರ್, ಆದರೆ ಸ್ವಭಾವ ಆ ಗಾತ್ರಕ್ಕೆ ಹೊಂದುವುದಿಲ್ಲ. ಗಂಡು ಗಂಡನ್ನು ಅಟ್ಟುತ್ತದೆ, ಬೇರೆ ಮೀನುಗಳ ರೆಕ್ಕೆ ಕಚ್ಚುತ್ತದೆ. ಕಾಡಿನ ಹೊಳೆಗಳಿಂದ ಹಿಡಿದು ಮಾರುವುದರಿಂದ ಇದರ ಸಂಖ್ಯೆಗೆ ಪೆಟ್ಟು ಬಿದ್ದಿದೆ; ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಹುದಾದ ಪ್ರಭೇದಗಳ ಸಾಲಿನಲ್ಲಿದೆ. ಕೊಳ್ಳುವುದಾದರೆ ಸಾಕಿದಲ್ಲೇ ಹುಟ್ಟಿದ ಮರಿ ಸಿಗುತ್ತದೆಯೇ ಎಂದು ಕೇಳಿ.

ಓಟೋಸಿಂಕ್ಲಸ್ ಎಂಬ ಪಾಚಿ ತಿನ್ನುವ ಪುಟ್ಟ ಮೀನು ಪಫರ್ ಜೊತೆ ಬದುಕಿದ ಉದಾಹರಣೆಗಳಿವೆ. ಆದರೆ ಅದಕ್ಕೆ ಗುಂಪು ಬೇಕು, ಹಳೆಯ ಸ್ಥಿರ ತೊಟ್ಟಿ ಬೇಕು. 20-30 ಲೀಟರಿನಲ್ಲಿ ಆ ಪ್ರಯೋಗ ಬೇಡ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಊಟದಿಂದ. ಪಫರ್ ಒಣ ಆಹಾರವನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಅದಕ್ಕೆ ಬ್ಲಡ್‌ವರ್ಮ್ ಎಂಬ ಕೆಂಪು ಹುಳು, ಡಾಫ್ನಿಯಾ ಎಂಬ ಪುಟ್ಟ ನೀರಜೀವಿ, ಬಸವನಹುಳು ಬೇಕು. ತಿನ್ನುವ ರೀತಿಯೂ ಗಲೀಜು: ಅರ್ಧ ಕಚ್ಚಿ, ಅರ್ಧ ಉಗುಳುತ್ತದೆ. ಆ ಚೂರುಗಳು ಗಿಡದ ಬುಡದಲ್ಲಿ ಕೊಳೆತು ಅಮೋನಿಯಾ ಮತ್ತು ರಂಜಕ ನೀರಿಗೆ ಸೇರುತ್ತವೆ; ಪಾಚಿಗೆ ಅವೇ ಗೊಬ್ಬರ. ಬೇರೆ ತೊಟ್ಟಿಯಲ್ಲಿ ಸಿಗಡಿ ಇಂಥ ಚೂರನ್ನು ಹೆಕ್ಕಿ ತಿನ್ನುತ್ತಿತ್ತು. ಇಲ್ಲಿ ಹೆಕ್ಕುವವರು ನಾವೇ. ಹೆಪ್ಪುಗಟ್ಟಿದ ಬ್ಲಡ್‌ವರ್ಮ್ ಗಟ್ಟಿಯನ್ನು ನೇರವಾಗಿ ತೊಟ್ಟಿಗೆ ಹಾಕಬೇಡಿ. ಬಟ್ಟಲಿನಲ್ಲಿ ಕರಗಿಸಿ, ಚಹಾ ಜರಡಿಯಲ್ಲಿ ಸೋಸಿ, ಆ ಕೆಂಪು ನೀರನ್ನು ಚೆಲ್ಲಿ; ಹುಳುಗಳನ್ನು ಉದ್ದನೆಯ ಚಿಮಟದಿಂದ ಒಂದೊಂದಾಗಿ ಮೀನಿನ ಮುಂದೆ ಹಿಡಿಯಿರಿ. ಹೊಟ್ಟೆ ಸ್ವಲ್ಪ ಉಬ್ಬಿತೆಂದರೆ ಸಾಕು. ಉಳಿದದ್ದನ್ನು ಅರ್ಧ ಗಂಟೆಯೊಳಗೆ ಪೈಪಿನಿಂದ ಎಳೆದು ತೆಗೆಯಿರಿ. ಪಫರ್ ಖಾಲಿ ಮಾಡಿದ ಚಿಪ್ಪಿನೊಳಗೂ ಮಾಂಸ ಉಳಿದಿರುತ್ತದೆ, ಅದನ್ನೂ ಬಿಡಬೇಡಿ.

ಬಸವನಹುಳು ತೊಟ್ಟಿಯೊಳಗೆ ಬದುಕುವುದಿಲ್ಲ ನಿಜ, ಹೊರಗೆ ಬದುಕುತ್ತದಲ್ಲ. ಕಿಟಕಿಯ ಬಳಿ ಒಂದು ಗಾಜಿನ ಜಾಡಿಯಲ್ಲಿ ರಾಮ್ಸ್‌ಹಾರ್ನ್ ಜಾತಿಯ ಬಸವನಹುಳುಗಳನ್ನು ಸಾಕಿ. ತೊಟ್ಟಿಯ ಯಾವ ಕಲ್ಲಿಗೆ, ಕೊರಡಿಗೆ ಮೃದುವಾದ ಪಾಚಿ ಹತ್ತಿದೆಯೋ ಅದನ್ನು ಕೆಲವು ದಿನ ಆ ಜಾಡಿಯಲ್ಲಿಡಿ. ಹುಳುಗಳು ಕೆರೆದು ತಿನ್ನುತ್ತವೆ, ಮೊಟ್ಟೆ ಇಡುತ್ತವೆ, ಮರಿಗಳು ಪಫರ್‌ಗೆ ಊಟವಾಗುತ್ತವೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಉಪಾಯ ಇದೇ.

ಈಗ ಗಿಡಗಳ ಮಾತು. ಮೀನಿನ ಜಗಳ ತಗ್ಗಲು ಒಂದಕ್ಕೊಂದು ಕಾಣದಂತೆ ಮರೆ ಬೇಕು, ಅಂದರೆ ದಟ್ಟ ಗಿಡ. ಪಾಚಿಯ ಗೊಬ್ಬರ ಕಸಿಯಲೂ ವೇಗವಾಗಿ ಬೆಳೆಯುವ ದಟ್ಟ ಗಿಡವೇ ಬೇಕು. ಹಾರ್ನ್‌ವರ್ಟ್, ವಾಟರ್ ಸ್ಪ್ರೈಟ್, ವ್ಯಾಲಿಸ್ನೇರಿಯಾ ಎರಡೂ ಕೆಲಸ ಮಾಡುತ್ತವೆ. ಮನಿ ಪ್ಲಾಂಟಿನ ಬಳ್ಳಿಯನ್ನು ಎಲೆ ಹೊರಗೆ, ಬೇರು ನೀರಿನಲ್ಲಿ ಇರುವಂತೆ ಅಂಚಿಗೆ ಸಿಕ್ಕಿಸಿದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಬಳಸಿಕೊಂಡು ನೈಟ್ರೇಟ್ ಹೀರುತ್ತದೆ. ಹಾಗಾಗಿ ಪಾಚಿ ಹತ್ತಿತೆಂದು ಒಂದೇ ದಿನ ಎಲ್ಲ ಗಿಡ ಕತ್ತರಿಸಿದರೆ ಎರಡು ನಷ್ಟ: ಗೊಬ್ಬರ ಹೀರುವವರು ಇಲ್ಲ, ಅಡಗಲು ಜಾಗವೂ ಇಲ್ಲ. ಸಂಜೆಯೊಳಗೆ ದುರ್ಬಲ ಮೀನಿನ ಬಾಲ ಹರಿದಿರುತ್ತದೆ. ಈ ವಾರ ಎಡಭಾಗ ಕತ್ತರಿಸಿದರೆ ಬಲಭಾಗ ಮುಂದಿನ ವಾರಕ್ಕಿರಲಿ. ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸುವುದು ಹೇಗೂ ಇದ್ದೇ ಇದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಹಾಕಬೇಕು.

ಬೆಳಕಿನ ವಿಷಯ ಸರಳ. ದಿನಕ್ಕೆ 6ರಿಂದ 8 ಗಂಟೆ, ಟೈಮರ್ ಹಾಕಿ. ತೊಟ್ಟಿಗೆ ನೇರ ಬಿಸಿಲು ಬೇಡ. ಸಾಲ್ವಿನಿಯಾದಂಥ ತೇಲುಗಿಡದ ನೆರಳು ಒಳ್ಳೆಯದು, ಆದರೆ ಮೇಲ್ಮೈ ಪೂರ್ತಿ ಮುಚ್ಚಬಾರದು.

ಯಾವ ಪಾಚಿ ಎಂದು ಗುರುತಿಸದೆ ಹೋರಾಟಕ್ಕಿಳಿಯುವುದು ವ್ಯರ್ಥ. ಹೊಸ ತೊಟ್ಟಿಯ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಒರೆಸಿ, ಕೆಲವು ವಾರ ಕಾಯಿರಿ. ಅನುಬಿಯಾಸ್ ಎಂಬ ದಪ್ಪ ಎಲೆಯ ಗಿಡದ ಮೇಲಿನ ಗಟ್ಟಿ ಹಸಿರು ಚುಕ್ಕೆಗೆ ಬೆಳಕು ಅತಿಯಾಗಿದೆ, ಒಮ್ಮೊಮ್ಮೆ ರಂಜಕ ಸಾಲದಾಗಿದೆ ಎಂದರ್ಥ. ಹಾಳೆಯಂತೆ ಸುಲಿದು ಬರುವ, ಕೆಟ್ಟ ವಾಸನೆಯ ನೀಲಿ-ಹಸಿರು ಪದರ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದನ್ನು ಪೈಪಿನಿಂದ ಎಳೆದು, ಮೂರು ದಿನ ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಬಹುದು. ಕತ್ತಲಲ್ಲಿ ಗಿಡ ಆಮ್ಲಜನಕ ಕೊಡುವುದಿಲ್ಲ, ಗಾಳಿಯ ಪಂಪ್ ಓಡುತ್ತಿರಲಿ. ಪಫರ್ ಕಣ್ಣಿಂದ ನೋಡಿ ಬೇಟೆಯಾಡುವ ಮೀನು. ಆ ಮೂರು ದಿನ ಊಟ ಸುರಿಯಬೇಡಿ.

ಕಪ್ಪು ಗಡ್ಡದಂಥ ಪಾಚಿ ವಾಸ್ತವವಾಗಿ ಕೆಂಪು ಪಾಚಿ, ಅತಿ ಹಟಮಾರಿ. ಇದಕ್ಕೆಂದು ಮಾರುವ ಬಾಟಲಿ ಔಷಧಿಗಳನ್ನು ಪಫರ್ ತೊಟ್ಟಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಇತರ ಮೀನುಗಳಂಥ ಹುರುಪೆ ಇಲ್ಲದ ಚರ್ಮ ಇದರದ್ದು. ತಾಮ್ರ ಬೆರೆತ ಔಷಧಿ ಬೇಗ ತಟ್ಟುತ್ತದೆ. ಬದಲಿಗೆ ಪಾಚಿ ಹತ್ತಿದ ಅನುಬಿಯಾಸನ್ನು ಕೊರಡು ಸಮೇತ ಹೊರಗೆ ತೆಗೆಯಿರಿ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿಯಲ್ಲಿ 20 ವಾಲ್ಯೂಮ್ ಎಂದಿದ್ದರೆ ಅದು ಸುಮಾರು 6%. ಅಷ್ಟೇ ನೀರು ಬೆರೆಸಿ 3% ಮಾಡಿಕೊಂಡು ಬ್ರಷ್‌ನಿಂದ ಹಚ್ಚಿ, ಎರಡು-ಮೂರು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ವಾಪಸ್ ಇಡಿ. ಕೆಲವು ದಿನಗಳಲ್ಲಿ ಪಾಚಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸತ್ತಿದೆ ಎಂದರ್ಥ. ತೊಟ್ಟಿಯಲ್ಲಿ ನೆಡುವ ಮಾಸ್ ಗಿಡ, ವ್ಯಾಲಿಸ್ನೇರಿಯಾದಂಥ ತೆಳು ಎಲೆಯವಕ್ಕೆ ಇದನ್ನು ಹಚ್ಚಬೇಡಿ, ಸುಟ್ಟುಹೋಗುತ್ತವೆ. ಅವುಗಳಲ್ಲಿ ಹಾಳಾದ ಎಲೆ ಕಿತ್ತೆಸೆಯುವುದೇ ದಾರಿ.