34 ನಿಮಿಷದ ಆಲ್ಬಮ್, 30 ವರ್ಷದ ತಕರಾರು

ಸ್ವೀಡನ್ನಿನ ‘ಆಟ್ ದ ಗೇಟ್ಸ್’ ತಂಡದ ಗಾಯಕ ಟೋಮಸ್ ಲಿಂಡ್‌ಬರ್ಗ್ 2025ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಹಳೆಯ ತಕರಾರೊಂದು ಮತ್ತೆ ತಲೆ ಎತ್ತಿದೆ. ಆ ತಂಡದ 1995ರ ಆಲ್ಬಮ್ ‘ಸ್ಲಾಟರ್ ಆಫ್ ದ ಸೋಲ್’ ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತವನ್ನು ಬೆಳೆಸಿತೇ, ಕೆಡಿಸಿತೇ? ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ಬೆಳಗಿನ ರೈಲು ಹಿಡಿದು ಮಂಗಳೂರಿನ ಕಾಲೇಜಿಗೆ ಹೋಗುವ ಹುಡುಗರಲ್ಲೂ ಈ ಬಗ್ಗೆ ಎರಡು ಪಕ್ಷಗಳಿವೆ. ವಾದಿಸುವವರು ಆಲ್ಬಮ್ ಬಂದಾಗ ಹುಟ್ಟಿಯೇ ಇರಲಿಲ್ಲ ಎಂಬುದು ಬೇರೆ ಮಾತು.

ಎಂಬತ್ತರ ದಶಕದಲ್ಲಿ ಮುಖ್ಯವಾಗಿ ಅಮೆರಿಕದ ಫ್ಲಾರಿಡಾದಲ್ಲಿ ರೂಪುಗೊಂಡ ಡೆತ್ ಮೆಟಲ್, ತೊಂಬತ್ತರ ಹೊತ್ತಿಗೆ ಸ್ವೀಡನ್ನಿನಲ್ಲಿ ಬೇರೂರಿತ್ತು. ಅಲ್ಲಿ ಅದು ಎರಡು ತಿಟ್ಟಾಯಿತು. ತೆಂಕು, ಬಡಗು ಇದ್ದ ಹಾಗೆ ಪ್ರಸಂಗ ಒಂದೇ, ಚೆಂಡೆಯ ಪೆಟ್ಟು ಬೇರೆ. ಸ್ಟಾಕ್‌ಹೋಮ್‌ನ ಎಂಟೂಂಬ್ಡ್, ಡಿಸ್‌ಮೆಂಬರ್ ತಂಡಗಳು ಸನ್‌ಲೈಟ್ ಸ್ಟುಡಿಯೊದಲ್ಲಿ ಗಿಟಾರ್ ಸದ್ದನ್ನು ಒರಟಾಗಿಸುವ, ಬಾಸ್ ಕಂಪನಿಯ ಎಚ್‌ಎಂ–2 ಪೆಡಲ್‌ನ ಗುಂಡಿಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ ಕೊರೆಯುವ ಗಿಟಾರ್ ಸದ್ದನ್ನು ಹುಟ್ಟಿಸಿದವು. ಆಟ್ ದ ಗೇಟ್ಸ್‌ನ ಊರಾದ ಗೋಥೆನ್‌ಬರ್ಗ್‌ನವರ ಕಿವಿ ಬೇರೆಡೆ ಇತ್ತು. ಬ್ರಿಟನ್ನಿನ ಐರನ್ ಮೇಡನ್ ತಂಡದ ಹಾಗೆ ಎರಡು ಗಿಟಾರ್‌ಗಳು ಜೊತೆಜೊತೆಯಾಗಿ ರಾಗ ಎಳೆಯುವುದು ಅವರಿಗೆ ಪ್ರಿಯ. ಅಲ್ಲಿನ ಇನ್ ಫ್ಲೇಮ್ಸ್ ತಂಡವಂತೂ 1994ರ ತನ್ನ ಮೊದಲ ಆಲ್ಬಮ್‌ನಲ್ಲಿ ಸ್ವೀಡಿಷ್ ಜನಪದ ಧಾಟಿಯೊಂದನ್ನೇ ನುಡಿಸಿತು.

ಈ ಊರಿನಲ್ಲಿ ಯಾರು ಯಾವ ಮೇಳದವರು ಎಂದು ಹೇಳುವುದೇ ಕಷ್ಟ. ಡಾರ್ಕ್ ಟ್ರಾಂಕ್ವಿಲಿಟಿ ತಂಡದ ಮೊದಲ ಆಲ್ಬಮ್‌ನಲ್ಲಿ ಹಾಡಿದ ಆಂಡರ್ಸ್ ಫ್ರಿಡೆನ್ ಆಮೇಲೆ ಇನ್ ಫ್ಲೇಮ್ಸ್ ಸೇರಿದರು. ಇನ್ ಫ್ಲೇಮ್ಸ್‌ನ ಮೊದಲ ಆಲ್ಬಮ್‌ಗೆ ಕಂಠ ಕೊಟ್ಟ ಮಿಕಾಯೆಲ್ ಸ್ಟಾನೆ ಡಾರ್ಕ್ ಟ್ರಾಂಕ್ವಿಲಿಟಿಯ ಗಾಯಕರಾದರು. 1995ರ ಕೊನೆಯಿಂದ 1996ರ ಆರಂಭದೊಳಗೆ ‘ಸ್ಲಾಟರ್’, ಡಾರ್ಕ್ ಟ್ರಾಂಕ್ವಿಲಿಟಿಯ ‘ದ ಗ್ಯಾಲರಿ’, ಇನ್ ಫ್ಲೇಮ್ಸ್‌ನ ‘ದ ಜೆಸ್ಟರ್ ರೇಸ್’ ಬೆನ್ನುಬೆನ್ನಿಗೆ ಬಂದವು. ಮೂರೂ ಫ್ರೆಡ್ರಿಕ್ ನಾರ್ಡ್‌ಸ್ಟ್ರಾಮ್ ಅವರ ಸ್ಟುಡಿಯೊ ಫ್ರೆಡ್‌ಮನ್‌ನಲ್ಲೇ ಧ್ವನಿಮುದ್ರಣಗೊಂಡಂಥವು.

ಮೂರರಲ್ಲಿ ‘ಸ್ಲಾಟರ್’ ಅತ್ಯಂತ ಬಿಗಿ. ಹನ್ನೊಂದು ರಚನೆಗಳು ಸುಮಾರು 34 ನಿಮಿಷದಲ್ಲಿ ಮುಗಿಯುತ್ತವೆ. ಶೀರ್ಷಿಕೆ ಗೀತೆಯಲ್ಲಿ ಗಿಟಾರ್ ತನ್ನ ಸುತ್ತು ಮುಗಿಸುತ್ತಿದ್ದಂತೆ ಲಿಂಡ್‌ಬರ್ಗ್ ‘ಗೋ!’ ಎಂದು ಕೂಗುತ್ತಾರೆ, ಅಲ್ಲಿಂದ ಓಟವೇ ಓಟ. ಅವರದು ಈ ಪ್ರಕಾರದಲ್ಲಿ ರೂಢಿಯಾದ ತಗ್ಗು ದನಿಯ ಗುಡುಗಲ್ಲ, ಗಂಟಲು ಹರಿಯುವ ಚೀರು. ‘ಕೋಲ್ಡ್’ ಹಾಡಿನ ಗಿಟಾರ್ ಸೋಲೊ ಕಿಂಗ್ ಡೈಮಂಡ್ ತಂಡದ ಆಂಡಿ ಲಾರಾಕ್ ಅವರದು. ಅಷ್ಟು ಗದ್ದಲದ ನಡುವೆ ಅದೊಂದು ಶುದ್ಧ ಹಾಡುಗಾರಿಕೆ ಎಂದರೆ ಕಟ್ಟಾ ಡೆತ್ ಮೆಟಲ್ ಪಕ್ಷದವರು ಸಿಟ್ಟಾಗಬಹುದು.

ಆಟ್ ದ ಗೇಟ್ಸ್ 1996ರಲ್ಲಿ ಒಡೆಯಿತು. ಅದರಲ್ಲಿದ್ದ ಬ್ಯೋರ್ಲರ್ ಅವಳಿ ಸೋದರರು ‘ದ ಹಾಂಟೆಡ್’ ಸೇರಿದರು. 2008ರಲ್ಲಿ ತಂಡದವರು ಮತ್ತೆ ಒಂದಾದರು, 2014ರಲ್ಲಿ ಹೊಸ ಆಲ್ಬಮ್ ಬಂತು.

ನಿಜವಾದ ಗೋಜಲು ನಡುವಿನ ವರ್ಷಗಳದು. 2000ದ ದಶಕದಲ್ಲಿ ಮೆಟಲ್‌ಗೆ ಹಾರ್ಡ್‌ಕೋರ್ ಪಂಕ್ ಬೆರೆಸಿದ ಅಮೆರಿಕದ ಮೆಟಲ್‌ಕೋರ್ ತಂಡಗಳು ಗೋಥೆನ್‌ಬರ್ಗ್‌ನ ಗಿಟಾರ್ ವರಸೆಯನ್ನು ಎತ್ತಿಕೊಂಡು, ಪಲ್ಲವಿಗೆ ಸಿಹಿ ದನಿ ಸೇರಿಸಿದವು. ನಮ್ಮ ಕಡೆಗೆ ಮೊದಲು ತಲುಪಿದ್ದು ಕಿಲ್‌ಸ್ವಿಚ್ ಎಂಗೇಜ್‌ನಂಥ ಆ ತಂಡಗಳೇ. ಎಂಪಿ3 ತುಂಬಿದ ಸಿಡಿಗಳಲ್ಲಿ, ಗಲ್ಫ್‌ನಿಂದ ರಜೆಗೆ ಬಂದ ಅಣ್ಣಂದಿರ ಪೆನ್‌ಡ್ರೈವ್‌ಗಳಲ್ಲಿ ಅವು ಬಂದವು. ಮೂಲ ಕೈಗೆ ಸಿಕ್ಕಿದ್ದು ಬಹಳ ತಡವಾಗಿ. ನಕಲಿಗೆ ಒಗ್ಗಿದ ಕಿವಿಗೆ ಅಸಲೇ ಸವಕಲಾಗಿ ಕೇಳಿದರೆ ಅಚ್ಚರಿಯಿಲ್ಲ. ಕೆಡಿಸಿತು ಎನ್ನುವವರ ದೂರು ಬಹುಪಾಲು ಆ ಪ್ರತಿಗಳ ಮೇಲಿನದು. ಅದನ್ನು ಯಾರ ತಲೆಗೂ ಕಟ್ಟುವಂತಿಲ್ಲ. ನುಡಿಸಲು ಹಿತವಾದದ್ದನ್ನು ಆ ತಂಡಗಳ ಹುಡುಗರು ನುಡಿಸಿದರು, ಅಷ್ಟೇ.

ಆದರೆ ಅವರು ಎತ್ತಿಕೊಂಡದ್ದು ಅರ್ಧವನ್ನು ಮಾತ್ರ. ಆಟ್ ದ ಗೇಟ್ಸ್‌ನ 1992ರ ಮೊದಲ ಆಲ್ಬಮ್ ‘ದ ರೆಡ್ ಇನ್ ದ ಸ್ಕೈ ಈಸ್ ಅವರ್ಸ್’ನಲ್ಲಿ ಪಿಟೀಲಿದೆ, ಎಲ್ಲಿಗೆ ತಿರುಗುತ್ತದೆ ಎಂದು ಊಹಿಸಲಾಗದ ಹಾಡುಗಳಿವೆ. ಆಗಿನ ಗಿಟಾರ್ ವಾದಕ ಆಲ್ಫ್ ಸ್ವೆನ್‌ಸನ್ 1993ರಲ್ಲಿ ತಂಡ ಬಿಟ್ಟರು. ಆ ದಾರಿ ಹಿಡಿದವರು ತೀರಾ ವಿರಳ.